ಬಾಂಗಿಗೆ ಮುಂಚಿನ ದೀಪ

ಶುಕ್ರವಾರ ಸಂಜೆ ಅವ್ವ ಅಡುಗೆಮನೆಯಲ್ಲಿ ಬಲಗೈಯಿಂದ ಎರಡೂ ಕಣ್ಣು ಮುಚ್ಚಿಕೊಂಡು ನಿಂತಿರುತ್ತಿದ್ದಳು. ಬಾಲ್ಯದ ಮನೆ ಎಂದರೆ ನನಗೆ ಮೊದಲು ಕಾಣುವುದು ಇದೇ. ಕುವೈತಿನ ಮೈದಾನ್ ಹವಲ್ಲಿಯ ಒಂದು ಹಳೆಯ ಕಟ್ಟಡದ ಮೂರನೇ ಮಹಡಿ. ಬೀದಿಗೆ ಮುಖ ಮಾಡಿದ ಹಾಲ್, ಅದರ ಹಿಂದೆ ಮಲಗುವ ಕೋಣೆ, ಕೊನೆಗೆ ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಕಾಯಬೇಕಾದಷ್ಟು ಇಕ್ಕಟ್ಟಾದ ಅಡುಗೆಮನೆ. ಅದರ ಕಿಟಕಿ ತೆರೆದರೆ ಬೀದಿ ಕಾಣುತ್ತಿರಲಿಲ್ಲ, ಎದುರಿಗೆ ಇನ್ನೊಂದು ಗೋಡೆ. ನಡುವಿನ ಸಂದಿಯಿಂದ ಎಲ್ಲರ ಮನೆಯ ಒಗ್ಗರಣೆ, ಎಲ್ಲರ ಮನೆಯ ಬೈಗುಳ ನಮಗೆ ಬರುತ್ತಿತ್ತು. ಅವ್ವ ಆ ಕಿಟಕಿ ಮುಚ್ಚಿ, ಚಿಲಕ ಹಾಕಿ, ಸ್ಟವ್ ಪಕ್ಕದ ಕಟ್ಟೆಯ ಮೇಲೆ ಎರಡು ಗಾಜಿನ ಲೋಟ ಇಡುತ್ತಿದ್ದಳು. ಅರ್ಧ ನೀರು, ಮೇಲೆ ಎರಡು ಬೆರಳಿನಷ್ಟು ಕೊಬ್ಬರಿ ಎಣ್ಣೆ, ಅದರಲ್ಲಿ ಬತ್ತಿ. ದೀಪ ಹಚ್ಚಿ, ಬೆಳಕನ್ನು ಎರಡೂ ಕೈಯಿಂದ ತನ್ನ ಕಡೆಗೆ ಎಳೆದುಕೊಂಡು, ಆಮೇಲೆ ಕಣ್ಣು ಮುಚ್ಚುತ್ತಿದ್ದಳು. ತುಟಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಒಳಗೆ ಹೋಗುವ ಹಾಗಿರಲಿಲ್ಲ.

ಅವ್ವ ಯೆಹೂದಿ. ಇಷ್ಟು ಚಿಕ್ಕ ವಾಕ್ಯ ಬರೆಯಲು ನನಗೆ ನಲವತ್ತು ವರ್ಷ ದಾಟಬೇಕಾಯಿತು. ಆ ಮನೆಯಲ್ಲಿ ಆ ಪದವನ್ನು ಯಾರೂ ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ದೀಪಕ್ಕೆ ದೀಪ ಎನ್ನುತ್ತಿದ್ದೆವು, ಅಷ್ಟೆ. ಅವಳ ಜನ ಬೆನೆ ಇಸ್ರೇಲಿಗಳು. ಕೊಂಕಣ ತೀರದ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದವರು. ಅವಳ ಅಪ್ಪನ ಕಾಲಕ್ಕೆ ಗಾಣ ಹೋಗಿ ರೈಲ್ವೆ ನೌಕರಿ ಬಂದಿತ್ತು, ಹಾಗಾಗಿ ಅವಳು ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಪಪ್ಪ ಮಂಗಳೂರಿನ ಕ್ಯಾಥೊಲಿಕರು, ಮನೆಮಾತು ಕೊಂಕಣಿ. ಹುಬ್ಬಳ್ಳಿಗೆ ಪಂಪ್ ರಿಪೇರಿ ಕಲಿಯಲು ಹೋದವರು ಅವ್ವನನ್ನು ಕಟ್ಟಿಕೊಂಡು ಬಂದರು. ಇಬ್ಬರಿಗೂ ಹೊಂದುವ ಭಾಷೆ ಕನ್ನಡ ಒಂದೇ. ಅದೂ ಅವಳದು ಒಂದು ಕನ್ನಡ, ಅವರದು ಇನ್ನೊಂದು. ಜಗಳವಾದಾಗ ಇಬ್ಬರೂ ಒಬ್ಬರನ್ನೊಬ್ಬರು ಅರ್ಥವಾಗದವರ ಹಾಗೆ ನೋಡುತ್ತಿದ್ದರು. ಅವ್ವನ ಹೆಸರು ಸಾರಾ. ಕುವೈತಿನಲ್ಲಿ ಆ ಹೆಸರನ್ನು ಕ್ರೈಸ್ತರು ತಮ್ಮದೆಂದುಕೊಂಡರು, ಮುಸಲ್ಮಾನರು ತಮ್ಮದೆಂದುಕೊಂಡರು, ಅವಳು ಎರಡಕ್ಕೂ ತಲೆಯಾಡಿಸಿದಳು. ಯೆಹೂದಿ ಎಂದರೆ ವೀಸಾ ಸಿಗದೆಂಬ ಹೆದರಿಕೆಗೆ ಅರ್ಜಿಯಲ್ಲಿ ಪಪ್ಪ ಕ್ರಿಶ್ಚಿಯನ್ ಎಂದು ಬರೆದರು. ಅಲ್ಲಿಗೆ ಆ ವಿಷಯ ಖಲಾಸ್.

ಮದುವೆಗೆ ಮುಂಚೆ ಪಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ಅವ್ವನನ್ನು ಮಂಗಳೂರಿನ ಮನೆಯ ಅಡುಗೆಮನೆಗೆ ಕರೆದು, ಅವಳ ಕೈಯನ್ನು ತನ್ನ ಕೈಮೇಲೆ ಇರಿಸಿಕೊಂಡು ಒಂದು ಮಾತು ತೆಗೆದುಕೊಂಡಿದ್ದರಂತೆ. ನಿನ್ನ ಪ್ರಾರ್ಥನೆ ನೀನು ಮಾಡಿಕೋ, ನಾನು ಬೇಡ ಅನ್ನುವುದಿಲ್ಲ, ಹುಟ್ಟುವ ಮಕ್ಕಳಿಗೆ ಮಾತ್ರ ಕಲಿಸಬೇಡ. ಅವ್ವ ಮಾತು ಕೊಟ್ಟಳು. ಇದನ್ನು ನನಗೆ ಹೇಳಿದ್ದು ಪಪ್ಪ, ಯಾವುದೋ ರಜೆಯ ದಿನ, ಹೆಮ್ಮೆಯಿಂದಲೋ ನಾಚಿಕೆಯಿಂದಲೋ ತಿಳಿಯದ ದನಿಯಲ್ಲಿ. ಅವ್ವ ಮಾತಿಗೆ ತಪ್ಪುವವಳಲ್ಲ. ಹಾಲಿನವನಿಗೆ ನಾಳೆ ಎಂದರೆ ನಾಳೆಯೇ. ಅಂಥವಳು ಕೊಟ್ಟ ಮಾತು ನನ್ನ ಪಾಲಿಗೆ ಅಡುಗೆಮನೆಯ ಬಾಗಿಲಲ್ಲಿ ಅಡ್ಡ ನಿಂತಿತ್ತು.

ಶುಕ್ರವಾರ ನಮ್ಮ ಮನೆಯಲ್ಲಿ ದೇವರಿಗೆ ಪುರಸೊತ್ತೇ ಇರುತ್ತಿರಲಿಲ್ಲ. ಈ ದೇಶದಲ್ಲಿ ಭಾನುವಾರ ಕೆಲಸದ ದಿನ, ಆದ್ದರಿಂದ ಬೆಳಿಗ್ಗೆ ಪಪ್ಪ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಇಗರ್ಜಿಗೆ ಹೋಗುತ್ತಿದ್ದರು. ಬರುವಾಗ ಖುಬ್ಬೂಸ್ ರೊಟ್ಟಿಯ ಬಿಸಿ ಕಟ್ಟು ನನ್ನ ತೊಡೆಯ ಮೇಲೆ. ಮಧ್ಯಾಹ್ನ ಎದುರು ಬಾಗಿಲ ನಫೀಸಾ ಆಂಟಿಯ ಮನೆಯವರು ಜುಮ್ಮಾ ನಮಾಜು ಮುಗಿಸಿ ಬಂದು ಮೆಟ್ಟಿಲಲ್ಲಿ ಚಪ್ಪಲಿ ಸಾಲಾಗಿ ಬಿಡುತ್ತಿದ್ದರು. ಅವರು ಉಳ್ಳಾಲದ ಕಡೆಯ ಬ್ಯಾರಿಗಳು. ಬಿರಿಯಾನಿಯ ಒಂದು ಬೋಗುಣಿ ನಮ್ಮ ಮನೆಗೆ ಖಾಯಂ. ಕೊನೆಗೆ ಸಂಜೆ ಅವ್ವನ ಸರದಿ. ದೀಪ ಸೂರ್ಯ ಮುಳುಗುವ ಮುಂಚೆ ಹಚ್ಚಬೇಕು, ಮುಳುಗಿದ ಮೇಲೆ ಬೆಂಕಿ ಮುಟ್ಟುವ ಹಾಗಿಲ್ಲ. ಸುತ್ತ ಕಟ್ಟಡಗಳಿರುವ ಮೂರನೇ ಮಹಡಿಯಲ್ಲಿ ಸೂರ್ಯ ಯಾರಿಗೆ ಕಾಣುತ್ತಾನೆ? ಅವ್ವ ಬೀದಿ ತುದಿಯ ಮಸೀದಿಯನ್ನು ನೆಚ್ಚಿಕೊಂಡಿದ್ದಳು. ಸೂರ್ಯಾಸ್ತದ ಮಗ್ರಿಬಿನ ಬಾಂಗು ಕೇಳುವುದರೊಳಗೆ ದೀಪ ಹಚ್ಚಿ ಆಗಿರಬೇಕು. ಮಾರನೆಯ ದಿನ ಕತ್ತಲಾದ ಮೇಲಿನ ಇಶಾದ ಬಾಂಗು ಕೇಳಿದರೆ ಅವಳ ಶಬ್ಬಾತ್, ವಾರದ ವಿಶ್ರಾಂತಿಯ ದಿನ, ಮುಗಿಯಿತು. ಮಸೀದಿಯಲ್ಲಿ ಬಾಂಗು ಕೂಗುವ ಮುಅಝ್ಝಿನ್ ತನಗೆ ಗೊತ್ತಿಲ್ಲದೆಯೇ ಒಬ್ಬ ಯೆಹೂದಿ ಹೆಂಗಸಿನ ವ್ರತ ಕಾಯುತ್ತಿದ್ದ.

ವ್ರತ ಎಂದೆ, ಆದರೆ ಪೂರ್ತಿ ಎಲ್ಲಿತ್ತು? ಆಗ ಶನಿವಾರ ವಾರದ ಮೊದಲ ಕೆಲಸದ ದಿನ. ಅವ್ವ ಹವಲ್ಲಿಯ ಒಂದು ಟೈಲರಿಂಗ್ ಅಂಗಡಿಯಲ್ಲಿ ಮದುವೆಯ ಉಡುಪುಗಳಿಗೆ ಮಣಿ ಹೊಲಿಯುತ್ತಿದ್ದಳು. ಅಕ್ಕಿ ಕಾಳಿಗಿಂತ ಸಣ್ಣ ಮಣಿ, ಬಿಳಿ ಬಟ್ಟೆಯ ಮೇಲೆ ಬಿಳಿ ದಾರ, ಟ್ಯೂಬ್‌ಲೈಟಿನ ಕೆಳಗೆ ದಿನವಿಡೀ. ಶನಿವಾರ ಬೆಳಿಗ್ಗೆ ಮನೆ ಬಿಡುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ವಾರವಿಡೀ ಕಾದ ವಿಶ್ರಾಂತಿಯಲ್ಲಿ ಅವಳಿಗೆ ದಕ್ಕುತ್ತಿದ್ದದ್ದು ಶುಕ್ರವಾರ ಸಂಜೆಯ ಒಂದಿಷ್ಟು ಹೊತ್ತು ಮಾತ್ರ. ಕಣ್ಣು ಯಾಕೆ ಮುಚ್ಚಿಕೊಳ್ಳುತ್ತೀ ಎಂದು ಒಮ್ಮೆ ಕೇಳಿದ್ದೆ. ಕಲಿಸುವುದಿಲ್ಲ ಎಂದು ಮಾತು ಕೊಟ್ಟವಳು, ಇನ್ನೇನು ಹೇಳಿಯಾಳು?

"ಕಣ್ಣ ದಣದಾವು, ಅದಕ್ಕ."

ನಾನು ಅದನ್ನೇ ನಂಬಿದೆ. ಇವತ್ತಿಗೂ ನಂಬುತ್ತೇನೆ.

ಅಡುಗೆಯ ವಿಷಯದಲ್ಲಿ ಮಾತ್ರ ಈ ದೇಶ ಅವ್ವನಿಗೆ ಹೇಳಿ ಮಾಡಿಸಿದ ಹಾಗಿತ್ತು. ಹಂದಿಮಾಂಸ ಅವಳಿಗೆ ವರ್ಜ್ಯ, ಪಪ್ಪನಿಗೆ ಪ್ರಾಣ. ಅದು ಸಿಗದ ದೇಶಕ್ಕೆ ಬಂದದ್ದರಿಂದ ಅವರ ಸಂಸಾರ ಉಳಿಯಿತು ಎಂದು ನಾನು ಅವರನ್ನು ಎಷ್ಟೋ ಸಲ ರೇಗಿಸಿದ್ದೇನೆ. ಕುರಿಯ ಮಾಂಸ ರಕ್ತ ಬಸಿದೇ ಬರುತ್ತಿತ್ತು. ವೈನ್ ನಿಷೇಧ, ಆದರೆ ಅವಳ ತವರಿನಲ್ಲೂ ಯಾರೂ ವೈನ್ ಕಂಡವರಲ್ಲ. ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಕಿವುಚಿ, ಸೋಸಿದ ಶರಬತ್ತಿನಲ್ಲೇ ಅವರ ಹಬ್ಬ. ಗುರುವಾರ ದ್ರಾಕ್ಷಿ ನೀರಿಗೆ ಬೀಳುತ್ತಿತ್ತು. ಎರಡು ಖುಬ್ಬೂಸನ್ನು ಬಿಳಿ ಬಟ್ಟೆಯಲ್ಲಿ ಮುಚ್ಚಿಟ್ಟರೆ ಶಬ್ಬಾತಿನ ರೊಟ್ಟಿಯೂ ಆಯಿತು. ಜಗಳವೆಲ್ಲ ಸಿಗಡಿಯ ಮೇಲೆ. ಕಡಲಿನದಾದರೆ ಮೈಮೇಲೆ ಪೊರೆ ಇಲ್ಲದ ಯಾವುದೂ ಅವಳ ಪಾತ್ರೆಗೆ ಬೀಳುವಂತಿಲ್ಲ, ಮಂಗಳೂರಿನ ಗಂಡಸಿಗೆ ಸಿಗಡಿ ಇಲ್ಲದೆ ನಡೆಯುವುದಿಲ್ಲ. ಪಪ್ಪ ಗೆಳೆಯರ ರೂಮಿನಲ್ಲಿ ತಿಂದು ಬಂದು, ಬಾಗಿಲಲ್ಲೇ ನಿಂತು ಬೆರಳು ಮೂಸಿ ನೋಡಿಕೊಂಡು ಒಳಗೆ ಬರುತ್ತಿದ್ದರು. ಅವಳಿಗೆ ಗೊತ್ತಾಗುತ್ತಿತ್ತು. ಲೋಟ ಸ್ವಲ್ಪ ಜೋರಾಗಿ ಕುಕ್ಕುತ್ತಿದ್ದಳು. ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ, ಹಣ್ಣು ಬೆರೆಸಿ ಮಾಡುವ ಮಲೀದಾವನ್ನು ನಫೀಸಾ ಆಂಟಿ ಬರೀ ಸಿಹಿ ಅವಲಕ್ಕಿ ಎಂದುಕೊಂಡು ಹಾಕಿಸಿಕೊಂಡು ಹೋಗುತ್ತಿದ್ದರು. ಅದು ಪ್ರವಾದಿಯೊಬ್ಬರ ಹೆಸರಿಗೆ ಇಟ್ಟ ನೈವೇದ್ಯ ಎಂದು ನಮ್ಮಲ್ಲಿ ಯಾರೂ ಅವರಿಗೆ ಹೇಳಲಿಲ್ಲ.

ಇಷ್ಟೆಲ್ಲ ತಿನ್ನಲು ಸಿಕ್ಕುತ್ತಿತ್ತು, ಆದರೆ ನನಗೆ ಬೇಕಾಗಿದ್ದದ್ದು ಆ ತುಟಿಯಲ್ಲಿ ಆಡುತ್ತಿದ್ದ ಸದ್ದಿಲ್ಲದ ಮಾತು. ನನಗೆ ಒಂಬತ್ತು ವರ್ಷ. ಪಪ್ಪನ ಪ್ರಾರ್ಥನೆಗಳೆಲ್ಲ ನನಗೆ ಬಾಯಿಪಾಠ. ಧರ್ಮೋಪದೇಶದ ತರಗತಿಯಲ್ಲಿ ಎದ್ದುನಿಂತು ಒಪ್ಪಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಆದರೂ ಅವ್ವ ಮುಖ ಮುಚ್ಚಿಕೊಂಡು ನಿಂತಾಗ ಅವಳು ನನ್ನನ್ನು ಬಿಟ್ಟು ಎಲ್ಲಿಗೋ ಹೋದ ಹಾಗಾಗುತ್ತಿತ್ತು. ಅದು ಭಕ್ತಿಯಲ್ಲ, ಶುದ್ಧ ಹೊಟ್ಟೆಕಿಚ್ಚು. ಒಂದು ದಿನ ಕೇಳಿಯೇಬಿಟ್ಟೆ.

"ಅವ್ವಾ, ನಂಗೂ ಹೇಳಿಕೊಡು."

"ಅದು ನಿಂದಲ್ಲ."

"ನಿಂದು ಅಂದ್ಮೇಲೆ ನಂದೂ ಅಲ್ವಾ?"

"ನಿನಗ ನಿಮ್ಮಪ್ಪಂದು ಐತಿ. ಒಂದು ಸಾಲಂಗಿಲ್ಲೇನು? ಹೋಗು, ಖುಬ್ಬೂಸಿಗೆ ಬಟ್ಟೆ ಮುಚ್ಚು."

ಬಟ್ಟೆ ಮುಚ್ಚುವುದು ನನಗೆ ಬಿಟ್ಟಿದ್ದ ಒಂದೇ ಕೆಲಸ. ಅಂದು ಅದನ್ನೂ ಸಿಟ್ಟಿನಿಂದ ಮಾಡಿದೆ.

ಆ ವರ್ಷ ಈದ್ ಹತ್ತಿರ ಬಂದಾಗ ಅಂಗಡಿಯವರು ಶುಕ್ರವಾರವೂ ಬರಬೇಕೆಂದರು. ಮೂರು ಮದುವೆಯ ಉಡುಪುಗಳು ಬಾಕಿ. ನಾಲ್ಕಕ್ಕೆ ಬಿಡುತ್ತೇವೆ ಎಂದಿದ್ದರಂತೆ. ಪಪ್ಪ ವಫ್ರಾಕ್ಕೆ ಹೋಗಿದ್ದರು. ಅಲ್ಲಿನ ತೋಟವೊಂದರಲ್ಲಿ ಪಂಪು ಕೆಟ್ಟು ಹಸಿರುಮನೆಯ ಸೌತೆಬಳ್ಳಿ ಒಣಗುತ್ತಿತ್ತು. ನನ್ನನ್ನು ನಫೀಸಾ ಆಂಟಿಗೆ ಒಪ್ಪಿಸಿದ್ದರು. ನಾನು ಎರಡೂ ಮನೆಯ ಬಾಗಿಲು ತೆಗೆದಿಟ್ಟುಕೊಂಡು ಆಚೆ ಈಚೆ ಓಡಾಡುತ್ತಿದ್ದೆ. ನಾಲ್ಕಾಯಿತು, ಐದಾಯಿತು. ಬೀದಿಯ ಬಿಸಿಲು ಎದುರು ಕಟ್ಟಡದ ಗೋಡೆ ಹತ್ತಿ ನೀರಿನ ಟ್ಯಾಂಕಿನವರೆಗೆ ಹೋಯಿತು. ಅವ್ವನ ಸುಳಿವಿಲ್ಲ. ನಫೀಸಾ ಆಂಟಿ ಒಲೆಯ ಮುಂದಿನಿಂದಲೇ ಕೂಗಿ ಹೇಳಿದರು:

"ಬರ್ತಾಳೆ ಮಗಾ, ಎಂತಕ್ಕೆ ಹೆದರುದು? ಬಸ್ಸು ಸಿಗ್ಲಿಕ್ಕಿಲ್ಲ. ಬಾಂಗಿಗೆ ಮುಂಚೆ ಬರುವವಳೇ ಅಲ್ವಾ ಅವಳು."

ಬಾಂಗಿಗೆ ಮುಂಚೆ. ಅವರು ಆ ಮಾತನ್ನು ಯಾಕೆ ಹೇಳಿದರೆಂದು ಆಗ ಯೋಚಿಸಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಬಾಂಗು ಆಗಿಬಿಟ್ಟರೆ ಈ ವಾರ ಅವ್ವನಿಗೆ ದೀಪವಿಲ್ಲ. ವಾರವಿಡೀ ಮಣಿ ಪೋಣಿಸಿದ ಕಣ್ಣಿಗೆ ಅದೊಂದೂ ಇಲ್ಲ. ಒಳಗೆ ಹೋಗಿ ಲೋಟ ತೆಗೆದೆ. ನೀರು, ಎಣ್ಣೆ, ಬತ್ತಿ, ಎಲ್ಲ ನೋಡಿ ನೋಡಿ ಗೊತ್ತಿತ್ತು. ಆದರೆ ಅಡುಗೆಮನೆಯಲ್ಲಿಟ್ಟರೆ ಅವಳು ಮನೆಗೆ ಬರುವವರೆಗೆ ಅವಳಿಗೆ ತಿಳಿಯುವುದಿಲ್ಲವಲ್ಲ. ಬಸ್ಸಿಳಿದ ತಕ್ಷಣ ಕಾಣಲಿ ಎಂದು ಹಾಲಿನ ಕಿಟಕಿಯ ಮುಂದಿನ ಎತ್ತರದ ಮೇಜಿನ ಮೇಲೆ ಇಟ್ಟೆ. ಅದರ ಪರದೆಯನ್ನು ತೊಳೆಯಲು ಇಳಿಸಿದ್ದರು. ಬೀದಿಗೆ ತೆರೆದ ಬರಿಯ ಗಾಜಿನ ಮುಂದೆ ಎರಡು ದೀಪ ಹಚ್ಚಿ, ಬೆಳಕು ನನ್ನತ್ತ ಎಳೆದುಕೊಂಡು, ಬಲಗೈಯಿಂದ ಕಣ್ಣು ಮುಚ್ಚಿಕೊಂಡೆ. ಹೇಳಲು ಮಾತು ಗೊತ್ತಿರಲಿಲ್ಲ. ಸುಮ್ಮನೆ ತುಟಿ ಆಡಿಸಿದೆ. ಅಷ್ಟರಲ್ಲಿ ಬಾಂಗು ಕೇಳಿಸಿತು. ಗೆದ್ದೆ ಎಂದುಕೊಂಡೆ.

ಅವ್ವ ಬಸ್ಸಿಳಿದದ್ದು ಬಾಂಗು ಮುಗಿದ ಸ್ವಲ್ಪ ಹೊತ್ತಿಗೆ. ಕೆಳಗಿನಿಂದ ತಲೆಯೆತ್ತಿ ನೋಡಿದ್ದಾಳೆ. ಮೂರು ಮಹಡಿ ಓಡಿಯೇ ಹತ್ತಿರಬೇಕು; ಒಳಗೆ ಬಂದಾಗ ಉಸಿರು ಸಿಗದೆ ಗೋಡೆ ಹಿಡಿದುಕೊಂಡಳು. ನಾನು ನಗುತ್ತ ಎದುರು ಹೋದೆ. ಕೆನ್ನೆಗೆ ಬಿತ್ತು. ಅವ್ವ ನನಗೆ ಹೊಡೆದದ್ದು ಅದೊಂದೇ ಸಲ.

"ಯಾರ ಹೇಳಿದ್ರು ನಿನಗ ಇಲ್ಲಿ ಹಚ್ಚಂತ? ಊರಿಗೆಲ್ಲಾ ಕಾಣಾಕತ್ತೈತಿ!"

ಆಮೇಲೆ ನಡೆದದ್ದು ಅವಳ ಜನರಿಗೆ ಮಾತ್ರ ಒದಗಬಹುದಾದ ಸಂಕಟ. ದೀಪ ಊದಿ ಆರಿಸಿದರೆ ಮುಗಿಯುತ್ತಿತ್ತು. ಆದರೆ ಶಬ್ಬಾತ್ ಶುರುವಾಗಿತ್ತು. ಹಚ್ಚಿದ ದೀಪ ಆರಿಸುವಂತಿಲ್ಲ, ಎತ್ತಿ ಬೇರೆ ಕಡೆ ಇಡುವಂತೆಯೂ ಇಲ್ಲ. ಎಣ್ಣೆ ಮುಗಿದು ತಾನಾಗಿ ಆರಬೇಕು. ಅವ್ವ ಒಂದು ಕ್ಷಣ ಲೋಟದ ಕಡೆ ಕೈ ಚಾಚಿದಳು, ಹಿಂದೆ ತೆಗೆದುಕೊಂಡಳು. ಆಮೇಲೆ ಒಂದು ಕುರ್ಚಿ ಎಳೆದು, ಮೇಜಿಗೂ ಗಾಜಿಗೂ ನಡುವಿನ ಇಕ್ಕಟ್ಟಿನಲ್ಲಿ ತೂರಿಸಿ, ಓರೆಯಾಗಿ ಕುಳಿತು, ಸೆರಗು ಹರಡಿ, ಬೀದಿಯ ಕಡೆ ತನ್ನ ಬೆನ್ನು ಅಡ್ಡ ಮಾಡಿದಳು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಸೆರಗಿನ ತುದಿಗೆ ಅಂಗಡಿಯ ಬಿಳಿ ದಾರದ ಎಳೆಗಳು ಅಂಟಿಕೊಂಡಿದ್ದವು. ನಾನು ಕೆನ್ನೆ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದೆ.

ನಫೀಸಾ ಆಂಟಿ ತಟ್ಟೆ ಹಿಡಿದು ಬಂದರು. ಬಾಗಿಲಲ್ಲಿ ನಿಂತು ದೀಪ ನೋಡಿದರು, ಅವ್ವನ ಬೆನ್ನು ನೋಡಿದರು, ನನ್ನ ಕೆನ್ನೆ ನೋಡಿದರು. ಅವರು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಸೆರಗು ಸರಿಮಾಡಿಕೊಂಡರು.

"ಯಾರಾದ್ರೂ ಕೇಳಿದ್ರೆ ನಿಮ್ಮ ಹಾಲಿನ ಬಲ್ಬು ಹೋಗಿದೆ ಅಂತ ಹೇಳ್ತೇನೆ, ಆಯ್ತಾ ಸಾರಾ? ನೀನು ಕೂತ್ಕೊ. ಮಗುವಿಗೆ ನಾನು ತಿನ್ನಿಸ್ತೇನೆ."

ನನಗೆ ತಿನ್ನಿಸಿ ಹೊರಗೆ ಹೋಗುವಾಗ ಹಾಲಿನ ದೀಪದ ಸ್ವಿಚ್ಚನ್ನು ತಾವೇ ಆರಿಸಿ ಹೋದರು. ಅವರಿಗೆ ಎಷ್ಟು ವರ್ಷದಿಂದ ಗೊತ್ತಿತ್ತೋ. ಅಡುಗೆಮನೆಯ ಕಿಟಕಿಗೆ ಚಿಲಕ ಹಾಕಿದರೆ ಕೊಬ್ಬರಿ ಎಣ್ಣೆಯ ವಾಸನೆ ನಿಲ್ಲುತ್ತದೆಯೇ? ಅವರು ಎಂದೂ ಕೇಳಲಿಲ್ಲ, ಅವ್ವ ಎಂದೂ ಹೇಳಲಿಲ್ಲ.

ಪಪ್ಪ ಬಂದಾಗ ಎಂಟು ಗಂಟೆ. ಕೈಯಲ್ಲಿ ವಫ್ರಾದ ಸೌತೆಕಾಯಿಯ ಚೀಲ, ಪ್ಯಾಂಟಿನ ಮಂಡಿಯವರೆಗೆ ಕೆಸರು. ವಿಷಯ ತಿಳಿಯಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಎಂತ ಮಾರಾಯ್ತಿ ಇದು? ನಾನು ಆರಿಸ್ತೇನೆ. ನನಗೆ ಎಂತ ಪಾಪ ಉಂಟು ಇದರಲ್ಲಿ?"

"ಬ್ಯಾಡ."

"ಯಾರಾದ್ರೂ ನೋಡಿದ್ರೆ? ಕೆಲಸ ಹೋದ್ರೆ?"

"ಆಕಿ ಹಚ್ಚ್ಯಾಳ. ಮೊದಲನೇ ಸರ್ತೆ ಹಚ್ಚ್ಯಾಳ. ಅದನ್ನ ಆರಸಬ್ಯಾಡ್ರಿ."

ಪಪ್ಪ ಸೌತೆಕಾಯಿಯ ಚೀಲ ಕೆಳಗಿಟ್ಟರು. ಅವರ ಅಮ್ಮ ತೆಗೆದುಕೊಂಡ ಮಾತು ಅವರಿಗೂ ನೆನಪಿಗೆ ಬಂದಿರಬೇಕು. ಆಮೇಲೆ ಕೆಸರು ಪ್ಯಾಂಟಿನಲ್ಲೇ ಇನ್ನೊಂದು ಕುರ್ಚಿ ತಂದು, ಅವ್ವನ ಪಕ್ಕಕ್ಕೆ ಹಾಕಿ, ಬೀದಿಗೆ ಬೆನ್ನು ಮಾಡಿ ಕುಳಿತರು. ಇಬ್ಬರ ಬೆನ್ನು ಸೇರಿದ ಮೇಲೆ ಕಿಟಕಿ ಬಹಳಷ್ಟು ಮುಚ್ಚಿತು. ಅವ್ವ ಕುಳಿತಲ್ಲೇ ನಿದ್ದೆಹೋದಳು, ತಲೆ ಪಪ್ಪನ ಭುಜಕ್ಕೆ ಬಿತ್ತು. ಅವಳು ಅಷ್ಟು ಗಾಢವಾಗಿ ಮಲಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಒಂದು ಬತ್ತಿ ಮೊದಲು ಆರಿತು, ಇನ್ನೊಂದು ಚಿಟಪಟ ಎಂದು ಆಮೇಲೆ. ಆಗಲೂ ಪಪ್ಪ ಅಲ್ಲಾಡಲಿಲ್ಲ.

ಮುಂದಿನ ಶುಕ್ರವಾರ ಅಡುಗೆಮನೆಯ ಬಾಗಿಲಿಗೆ ನಾನು ಹೋಗಲಿಲ್ಲ. ಮುನಿಸಿಕೊಂಡು ಹಾಲಿನಲ್ಲಿ ಪಪ್ಪನ ಪಕ್ಕ ಟಿ.ವಿ. ನೋಡುತ್ತ ಕುಳಿತೆ. ಬೆಂಕಿಕಡ್ಡಿ ಗೀರಿದ ಸದ್ದು ಬಂತು. ಆಮೇಲೆ ನಾನು ಹುಟ್ಟಿದಾಗಿನಿಂದ ಕೇಳದಿದ್ದ ಒಂದು ಸದ್ದು. ಅವ್ವ ಬಾಯಿಬಿಟ್ಟು ಹೇಳುತ್ತಿದ್ದಳು. ಒಂದೊಂದೇ ಪದ, ನಿಧಾನವಾಗಿ, ಪದಕ್ಕೂ ಪದಕ್ಕೂ ನಡುವೆ ಉಸಿರು ಬಿಟ್ಟು, ನಡುವಿನ ಕೋಣೆ ದಾಟಿ ಕೇಳುವಷ್ಟು ಸ್ಪಷ್ಟವಾಗಿ. ಸಂದಿಯ ಕಿಟಕಿಗೆ ಚಿಲಕ ಹಾಕಿತ್ತು, ಆದರೂ ಆ ಕಟ್ಟಡದಲ್ಲಿ ಅಷ್ಟು ಜೋರಾಗಿ ಹೇಳುವುದು ಸಣ್ಣ ಮಾತಲ್ಲ. ಪಪ್ಪ ನನ್ನ ಮುಖ ನೋಡಲಿಲ್ಲ. ರಿಮೋಟ್ ತೆಗೆದುಕೊಂಡು ಟಿ.ವಿ.ಯ ಸದ್ದು ಕಡಿಮೆ ಮಾಡಿದರು.

ಕಲಿಸುವುದಿಲ್ಲ ಎಂದು ಅವ್ವ ಮಾತು ಕೊಟ್ಟಿದ್ದಳು. ಜೋರಾಗಿ ಹೇಳುವುದಿಲ್ಲ ಎಂದು ಕೊಟ್ಟಿರಲಿಲ್ಲ.

ಹಾಗೆ ನಾನು ಕಲಿತೆ. ವಾರಕ್ಕೆ ಒಂದು ಸಲ, ಕದ್ದು ಕೇಳುವವಳ ಹಾಗೆ, ಕೇಳಿಸಲೆಂದೇ ಹೇಳುತ್ತಿದ್ದವಳಿಂದ. ನಾನು ಎಂದೂ ಅವಳ ಎದುರು ಹೇಳಿ ತೋರಿಸಲಿಲ್ಲ, ಅವಳು ಎಂದೂ ಹೇಳು ಎನ್ನಲಿಲ್ಲ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಭ್ಯಾಸ ಮಾಡುತ್ತಿದ್ದೆ. ಮೊದಲ ಸಾಲು ಜೋರಾಗಿರುತ್ತಿತ್ತು. ಅದಾದ ಮೇಲೆ ಅವ್ವ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದಳು. ಬಾಗಿಲಿಗೆ ಹೋಗಿ ಇಣುಕಿದರೆ ತುಟಿ ಮಾತ್ರ ಆಡುತ್ತಿತ್ತು, ಹಳೆಯ ದಿನಗಳ ಹಾಗೆ. ಆಮೇಲೆ ಮತ್ತೆ ದನಿ. ಉಸಿರು ತಿರುಗಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ನಾನೂ ಅಲ್ಲಿಗೆ ಬಂದಾಗ ಅಷ್ಟೇ ಹೊತ್ತು ಸುಮ್ಮನಿದ್ದು, ಏನೂ ಹೇಳದೆ ತುಟಿ ಆಡಿಸಿ, ಮುಂದಿನದಕ್ಕೆ ಹೋಗುತ್ತಿದ್ದೆ.

ಈಗ ನಾನು ಕುವೈತಿನಲ್ಲೇ, ಎಗೈಲಾದ ಒಂದು ಮಾಲಿನಲ್ಲಿ ಬಟ್ಟೆ ಅಂಗಡಿಯ ಮೇಲ್ವಿಚಾರಕಿ. ದಿನಕ್ಕೆ ಹತ್ತು ಗಂಟೆ ನಿಂತೇ ಇರಬೇಕು. ಮಾಲಿಗೆ ಶುಕ್ರವಾರ ಸಂಜೆ ಜಾತ್ರೆ, ರಜೆ ಕೇಳುವ ಮಾತೇ ಇಲ್ಲ. ಇಗರ್ಜಿಗೆ ಹೋಗುವುದು ಎಂದೋ ತಪ್ಪಿದೆ. ಯಾವ ದೇವರ ಮೇಲೂ ನನಗೆ ಸಿಟ್ಟಿಲ್ಲ, ಯಾರ ಹತ್ತಿರ ಹೋಗಲೂ ಕಾಲಿನಲ್ಲಿ ತ್ರಾಣವಿಲ್ಲ. ಆದರೆ ಮಗ್ರಿಬಿಗೆ ಸ್ವಲ್ಪ ಮುಂಚೆ ಸ್ಟಾಕ್ ರೂಮಿಗೆ ಹೋಗುತ್ತೇನೆ. ರಟ್ಟಿನ ಪೆಟ್ಟಿಗೆಗಳ ನಡುವೆ ದೀಪವಿಲ್ಲ, ದ್ರಾಕ್ಷಿಯಿಲ್ಲ, ರೊಟ್ಟಿಯಿಲ್ಲ. ಬಲಗೈಯಿಂದ ಕಣ್ಣು ಮುಚ್ಚಿಕೊಂಡು ನಿಲ್ಲುತ್ತೇನೆ. ಒಂದು ಸಲ ಹೈದರಾಬಾದಿನ ಸಹೋದ್ಯೋಗಿ ನೋಡಿ, ತಲೆನೋವೆಂದುಕೊಂಡು ಮಾತ್ರೆ ತಂದುಕೊಟ್ಟ. ತೆಗೆದುಕೊಂಡೆ. ನಾನು ಹೇಳುತ್ತಿದ್ದ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ. ಮೊದಲ ಪದಕ್ಕೆ ಕೇಳು ಎಂದು ಅರ್ಥ ಎಂಬುದಷ್ಟೇ ಪಪ್ಪ ಒಮ್ಮೆ ಹೇಳಿದ್ದರು. ಉಳಿದದ್ದನ್ನು ಫೋನಿನಲ್ಲಿ ಹುಡುಕಬಹುದಿತ್ತು. ಮೊದಲು ಹೆದರಿಕೆ ಬಿಡಲಿಲ್ಲ, ಆಮೇಲೆ ಮನಸ್ಸು ಬರಲಿಲ್ಲ. ಅವ್ವ ಕೊಟ್ಟದ್ದನ್ನು ಪಕ್ಕದ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದ ಹಾಗಾಗುತ್ತದೆ. ನನ್ನ ಮಟ್ಟಿಗೆ ಅದರ ಅರ್ಥ ಇಷ್ಟು: ದಣಿದಿದ್ದೇನೆ, ದಣಿದದ್ದನ್ನು ಯಾರಿಗೂ ಮುಚ್ಚಿಡಬೇಕಾಗಿಲ್ಲ, ಇದು ಮುಗಿಯುವವರೆಗೆ ನನ್ನನ್ನು ಯಾರೂ ಕರೆಯುವಂತಿಲ್ಲ. ಪ್ರಾರ್ಥನೆಯಿಂದ ಇದಕ್ಕಿಂತ ಹೆಚ್ಚಿನದು ನನಗೆ ಸಿಕ್ಕಿಲ್ಲ. ಸಾಕೆನಿಸಿದೆ.

ಪಪ್ಪ ತೀರಿಕೊಂಡ ಮೇಲೆ ಅವ್ವ ಎಗೈಲಾದಲ್ಲಿ ನನ್ನ ಜೊತೆಗಿದ್ದಳು. ಕಣ್ಣು ಪೂರ್ತಿ ಮಂಜಾಗಿತ್ತು. ಕೊನೆಯ ತಿಂಗಳುಗಳಲ್ಲಿ ಬಲಗೈಯೂ ಏಳದಾಯಿತು. ಒಂದು ಶುಕ್ರವಾರ ನನಗೆ ಜ್ವರ ಬಂದು ರಜೆ ಹಾಕಿದ್ದೆ, ಹಾಗಾಗಿ ಎಷ್ಟೋ ವರ್ಷದ ಮೇಲೆ ಬಾಂಗಿಗೆ ಮುಂಚೆ ಮನೆಯಲ್ಲಿದ್ದೆ. ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಎರಡು ಲೋಟ ಇಟ್ಟು ದೀಪ ಹಚ್ಚಿದೆ. ಬೆಂಕಿಕಡ್ಡಿಯ ವಾಸನೆಗೆ ಅವಳು ತಲೆ ಈ ಕಡೆ ತಿರುಗಿಸಿದಳು. ಕೈ ಎತ್ತಲು ನೋಡಿದಳು, ಆಗಲಿಲ್ಲ. ನಾನು ನನ್ನ ಅಂಗೈಯನ್ನು ಅವಳ ಕಣ್ಣಿನ ಮೇಲಿಟ್ಟೆ. ಇನ್ನೊಂದು ಕೈಯಿಂದ ನನ್ನ ಕಣ್ಣು ಮುಚ್ಚಿಕೊಂಡೆ. ಅವಳು ಹೇಳಲಿ ಎಂದು ಕಾದೆ. ಅವಳು ಸುಮ್ಮನಿದ್ದಳು. ಕಾದು ಕಾದು ಕೊನೆಗೆ ನಾನೇ ಶುರುಮಾಡಿದೆ. ಹುಟ್ಟಿದಾಗಿನಿಂದ ಮೊದಲ ಸಲ ಅವಳಿಗೆ ಕೇಳುವ ಹಾಗೆ. ಮೊದಲ ಸಾಲು ಮುಗಿಯಿತು. ಸುಮ್ಮನಾಗಿ, ತುಟಿ ಆಡಿಸಿ, ಮುಂದಿನದಕ್ಕೆ ಬಾಯಿ ತೆರೆದೆ.

"ನಿಲ್ಲು. ಒಂದ ಸಾಲ ಬಿಟ್ಟಿ."

"ಅಲ್ಲಿ ನೀನೂ ಸುಮ್ನೆ ಇರ್ತಿದ್ದೆ ಅಲ್ಲವ್ವಾ."

"ಸುಮ್ಮ ಎಲ್ಲಿದ್ದೆ? ಆ ಸಾಲ ಜೋರಾಗಿ ಹೇಳಂಗಿಲ್ಲ. ಪಿಸುಮಾತಿನ್ಯಾಗ ಹೇಳೂದು. ನಮ್ಮಪ್ಪನೂ ಹಂಗ ಹೇಳತಿದ್ದ, ಅವರಪ್ಪನೂ ಹಂಗ."

ಮೂವತ್ತು ವರ್ಷಕ್ಕೂ ಮೇಲೆ ನಾನು ಆ ಜಾಗದಲ್ಲಿ ಬರಿಯ ತುಟಿ ಆಡಿಸಿದ್ದೆ. ಬಾತ್‌ರೂಮಿನಲ್ಲಿ, ಬಸ್ಸಿನಲ್ಲಿ, ಸ್ಟಾಕ್ ರೂಮಿನಲ್ಲಿ. ಅವಳಿಗೆ ಗೊತ್ತಿತ್ತು. ಕದ್ದು ಕೇಳಿ ಕಲಿತವಳಿಗೆ ಆ ಸಾಲು ಬಾರದು ಎಂದು ಗೊತ್ತಿದ್ದೂ ಸುಮ್ಮನಿದ್ದಳು, ಯಾಕೆಂದರೆ ಅದನ್ನು ಕೊಡಬೇಕಾದರೆ ಕಲಿಸಲೇಬೇಕಿತ್ತು. ನನಗೆ ಸಿಟ್ಟು ಬಂತು, ಅಳುವೂ ಬಂತು.

"ಮತ್ತೆ ಅಜ್ಜಿಗೆ ಕೊಟ್ಟ ಮಾತು?"

ನನ್ನ ಅಂಗೈಯ ಕೆಳಗೆ ಅವಳ ರೆಪ್ಪೆ ಬಡಿಯುವುದು ಗೊತ್ತಾಗುತ್ತಿತ್ತು.

"ಮಾತ ಇಸಗೊಂಡಾಕಿ ಹೋಗಿ ಇಪ್ಪತ್ತ ವರ್ಷ ಆತು. ಕೊಟ್ಟಾಕಿನೂ ಹೊಂಟೀನಿ. ಬಾ, ಕಿವಿ ತಾ ಇಲ್ಲೆ."

ಬಗ್ಗಿದೆ. ಅವಳ ಬಾಯಿ ನನ್ನ ಕಿವಿಗೆ ತಾಗಿತು. ಒಂದು ಸಲ ಹೇಳಿದಳು. ನನಗೆ ಹೇಳಲು ಹೇಳಿದಳು. ಒಂದು ಕಡೆ ತಪ್ಪಿದೆ, ತಿದ್ದಿದಳು. ಮತ್ತೆ ಹೇಳಿಸಿದಳು. ಹೊರಗೆ ಬಾಂಗು ಆಗುತ್ತಿತ್ತು, ದೀಪ ಹಚ್ಚಿ ಆಗಿತ್ತು, ಇಬ್ಬರಿಗೂ ಅವಸರವಿರಲಿಲ್ಲ.

ಆ ಸಾಲನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಜೋರಾಗಿ ಹೇಳುವಂಥದ್ದಲ್ಲ.